ಹತ್ತು ಮೋಟರು, ಒಂದು ಟಿಸಿ, ಎಂಟು ಕಾಲಿನ ಐಸಿ



ಫ್ರಿಜ್ಜಿನ ಮಗ್ಗುಲಿಗೆ ಗೋಡೆಗೆ ತೂಗುಹಾಕಿದ ಸ್ಟೆಬಿಲೈಜರ್ ನಿಮ್ಮ ಮನೆಯಲ್ಲಿದ್ದರೆ ಒಂದು ಸಂಗತಿ ಗಮನಕ್ಕೆ ಬಂದಿರಬೇಕು. ಕರೆಂಟು ಹೋಗಿ ಬಂದ ಮೇಲೆ ಅದು ಕೂಡಲೇ ಫ್ರಿಜ್ಜಿಗೆ ಕರೆಂಟು ಬಿಡುವುದಿಲ್ಲ. ಎರಡು ಮೂರು ನಿಮಿಷ ಸುಮ್ಮನಿದ್ದು ಆಮೇಲೆ ‘ಟಕ್’ ಅನ್ನುತ್ತದೆ. ಸದ್ದು ಮಾಡುವುದು ರಿಲೇ. ಕಾಯಬೇಕೆಂದು ಅದಕ್ಕೆ ಹೇಳುವುದು ಒಳಗಿನ ಹಲಗೆಯ ಮೇಲೆ ಕೂತ, ಹತ್ತಿಪ್ಪತ್ತು ರೂಪಾಯಿಯ ಒಂದು ಕರಿ ಐಸಿ, ಅಂದರೆ ಇಂಟಿಗ್ರೇಟೆಡ್ ಸರ್ಕಿಟ್. ಗಣಪತಿ ಪೆಂಡಾಲಿನಲ್ಲಿ ಓಡುವ ದೀಪದ ಸಾಲು, ಝೆರಾಕ್ಸ್ ಅಂಗಡಿಯ ಯುಪಿಎಸ್, ಹಾಡು ಹೇಳುವ ಕಾಲ್‌ಬೆಲ್ಲು, ಇವೆಲ್ಲದರಲ್ಲೂ ಇದೇ ಕುಲದವು ಕೂತಿವೆ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಗಳಿಗೆ ಐಸಿ ಬಂದು ಎಷ್ಟೋ ಕಾಲವಾಯಿತು. ಅದನ್ನು ಹೊರಗೆ ತೆಗೆದು, ನಮಗೆ ಬೇಕಾದ ಕೆಲಸಕ್ಕೆ ಹಚ್ಚುವ ಹವ್ಯಾಸ ಮಾತ್ರ ಅಷ್ಟಾಗಿ ಬೆಳೆದಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಜಾಕ್ ಕಿಲ್ಬಿ ಎಂಬ ಎಂಜಿನಿಯರು 1958ರ ಸೆಪ್ಟೆಂಬರ್ 12ರಂದು ಜರ್ಮೇನಿಯಂನ ಒಂದೇ ಚೂರಿನಲ್ಲಿ ಇಡೀ ಸರ್ಕಿಟ್ಟನ್ನು ಕೂಡಿಸಿ ತೋರಿಸಿದರು. ಮರುವರ್ಷ ರಾಬರ್ಟ್ ನಾಯ್ಸ್ ಅದನ್ನು ಸಿಲಿಕಾನ್ ಮೇಲೆ ಮಾಡುವ, ಕಾರ್ಖಾನೆಗೆ ಒಗ್ಗುವ ದಾರಿ ಹುಡುಕಿದರು. ಕಿಲ್ಬಿಯವರಿಗೆ 2000ದಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ನಾಯ್ಸ್ ತೀರಿಹೋಗಿದ್ದರು.

ಹವ್ಯಾಸಿಗಳ ಕೈಯಲ್ಲಿ ಹೆಚ್ಚು ಆಡಿದ ಐಸಿ ಎಂದರೆ 555. ಎಂಟು ಕಾಲು, ಬೆರಳಿನ ಉಗುರಿನಷ್ಟು ಗಾತ್ರ. ಇದನ್ನು ರಚಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹಾನ್ಸ್ ಕ್ಯಾಮೆನ್‌ಜಿಂಡ್. 1971ರಲ್ಲಿ, ಸಿಗ್ನೆಟಿಕ್ಸ್ ಕಂಪನಿಗಾಗಿ. ಮರುವರ್ಷ ಅದು ಮಾರುಕಟ್ಟೆಗೆ ಬಂತು. ಒಳಗೆ 5 ಕಿಲೋಓಮಿನ ಮೂರು ರೆಸಿಸ್ಟರು ಇರುವುದರಿಂದ ಆ ಅಂಕಿ ಬಂತೆಂದು ಬಹಳ ಪುಸ್ತಕಗಳಲ್ಲಿ ಓದುತ್ತೇವೆ. ಕ್ಯಾಮೆನ್‌ಜಿಂಡ್ ಅವರೇ ಅದನ್ನು ಒಪ್ಪಲಿಲ್ಲ. ಮಾರಾಟ ವಿಭಾಗದವರು ತಮಗೆ ತೋಚಿದ ಅಂಕಿ ಇಟ್ಟರು ಅಷ್ಟೇ ಅಂದರು.

ಆ ಮೂರು ರೆಸಿಸ್ಟರು ಮಾಡುವ ಕೆಲಸ ಮಾತ್ರ ದೊಡ್ಡದು. ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ನೆನೆಸಿಕೊಳ್ಳಿ. ಹೊರಗೆ ನಾವು ಹಚ್ಚುವ ಕೆಪಾಸಿಟರು ಟಾಕಿ, ಅದನ್ನು ತುಂಬುವ ರೆಸಿಸ್ಟರು ನಳ. ಟಾಕಿಯ ಮೂರರಲ್ಲಿ ಒಂದು ಪಾಲಿಗೊಂದು ಗೆರೆ, ಮೂರರಲ್ಲಿ ಎರಡು ಪಾಲಿಗೊಂದು ಗೆರೆ. ಗೆರೆ ಎಳೆದುಕೊಡುವುದು ಆ ಮೂರು ರೆಸಿಸ್ಟರು. ಗೆರೆ ಮುಟ್ಟಿತೇ ಎಂದು ಕಾಯ್ದು ನೋಡುವುದು ಎರಡು ಕಂಪ್ಯಾರೇಟರು. ಮೇಲಿನ ಗೆರೆ ಮುಟ್ಟಿತೋ, ಒಳಗಿನ ಟ್ರಾನ್ಸಿಸ್ಟರು ಟಾಕಿಯನ್ನು ಬರಿದು ಮಾಡುತ್ತದೆ. ಸೊನ್ನೆಯಿಂದ ಮೇಲಿನ ಗೆರೆಗೆ ಏರಲು ಬೇಕಾದ ಹೊತ್ತು, ರೆಸಿಸ್ಟರಿನ ಬೆಲೆಯನ್ನು ಕೆಪಾಸಿಟರಿನ ಬೆಲೆಯಿಂದ ಗುಣಿಸಿ, ಬಂದದ್ದನ್ನು 1.1ರಿಂದ ಗುಣಿಸಿದಷ್ಟು ಸೆಕೆಂಡು. ಇದರಲ್ಲಿ ವೋಲ್ಟೇಜಿನ ಸುದ್ದಿಯೇ ಇಲ್ಲ ನೋಡ್ರಿ. ಬ್ಯಾಟರಿ 12 ವೋಲ್ಟಿನಿಂದ 9ಕ್ಕೆ ಇಳಿದರೆ ಗೆರೆಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ, ಹೊತ್ತು ಬದಲಾಗುವುದಿಲ್ಲ. ಸಂಜೆಯಾದರೆ ಬಲ್ಬು ಡಿಮ್ಮಾಗುವ ನಮ್ಮ ಊರುಗಳಿಗೆ ಇದಕ್ಕಿಂತ ಒಪ್ಪುವ ಗುಣ ಬೇರೆ ಯಾವುದಿದೆ?

ಈಗ ಹೊಲಕ್ಕೆ ಬರೋಣ. ಬೋರ್‌ವೆಲ್ಲಿನ ಪಂಪ್‌ಸೆಟ್ಟಿಗೆ ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ 7 ತಾಸು ತ್ರೀ ಫೇಸ್ ಕರೆಂಟು. ಅದು ಪಾಳಿಯಂತೆ ಬರುತ್ತದೆ. ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ರಾತ್ರಿ ಎದ್ದು ಹೊಲಕ್ಕೆ ಹೋಗುವುದು ತಪ್ಪಲೆಂದು ರೈತರು ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಕರೆಂಟು ಬಂದೊಡನೆ ಮೋಟರು ತಾನೇ ಚಾಲೂ ಆಗುತ್ತದೆ. ಕಲಘಟಗಿ ಸೀಮೆಯ ಒಬ್ಬ ಲೈನ್‌ಮನ್ ಇದರ ಬಗ್ಗೆ ನನಗೆ ಹೇಳಿದ ಮಾತು: “ಮಾಸ್ತರ್ರ, ಕರೆಂಟ್ ಬಂದ್ ಕೂಡ್ಲೆ ಹತ್ತೂ ಮೋಟರ್ ಒಮ್ಮಿಗೇ ಎದ್ದ್ ನಿಂತ್ರ, ಪಾಪ ಟಿಸಿ ಏನ್ ಮಾಡೀತ್ರಿ?”

ಟಿಸಿ ಎಂದರೆ ಲೈನಿನ ಟ್ರಾನ್ಸ್‌ಫಾರ್ಮರ್. ಲೆಕ್ಕ ಹಾಕಿ ನೋಡಿದರೆ ಅವರ ಮಾತು ಪೂರಾ ಖರೆ. 5 ಅಶ್ವಶಕ್ತಿಯ ಮೋಟರು ಓಡುವಾಗ ಒಂದೊಂದು ಫೇಸಿನಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ನೇರವಾಗಿ ಚಾಲೂ ಮಾಡಿದರೆ ಮೊದಲ ಕೆಲ ಕ್ಷಣ ಅದರ ಆರು ಪಟ್ಟು, ಅಂದರೆ 45 ಆಂಪಿಯರ್. ಅಂಥ ಹತ್ತು ಮೋಟರು ಒಂದೇ ಟಿಸಿಯ ಮೇಲಿದ್ದರೆ ಒಟ್ಟು 450. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ 63 ಕೆವಿಎ ಟಿಸಿ ಸಲೀಸಾಗಿ ಕೊಡಬಲ್ಲದ್ದು 85 ಆಂಪಿಯರಿನ ಆಸುಪಾಸು. ಹತ್ತೂ ಮೋಟರು ಓಡಲು ಅದು ಸಾಕು, ಹತ್ತೂ ಒಟ್ಟಿಗೆ ಏಳಲು ಸಾಲದು. ವೋಲ್ಟೇಜು ಕುಸಿಯುತ್ತದೆ, ಕುಸಿದದ್ದರಿಂದ ಮೋಟರಿಗೆ ವೇಗ ಬರುವುದಿಲ್ಲ, ವೇಗ ಬಾರದ ಮೋಟರು ಅದೇ ಆರು ಪಟ್ಟು ಎಳೆಯುತ್ತಲೇ ನಿಲ್ಲುತ್ತದೆ. ಕೊನೆಗೆ ಫ್ಯೂಜು ಹೋಗುತ್ತದೆ, ಇಲ್ಲವೇ ಟಿಸಿ ಸುಡುತ್ತದೆ. ಹೊಸ ಟಿಸಿ ಬರುವತನಕ ಹತ್ತು ಹೊಲದ ಬೆಳೆಯೂ ಬಾಡುತ್ತದೆ.

ಹಾಗಾದರೆ ಮೋಟರುಗಳು ಒಂದರ ಹಿಂದೊಂದು ಎದ್ದರೆ ಆಯಿತಲ್ಲ! ಇಲ್ಲಿ 555 ಬೇಕು. ಎಲ್ಲ ಹೊಲಗಳಿಗೂ ಒಂದೇ ನಕ್ಷೆ, 100 ಮೈಕ್ರೋಫ್ಯಾರಡಿನ ಒಂದೇ ಕೆಪಾಸಿಟರು. ಬದಲಾಗುವುದು ರೆಸಿಸ್ಟರು ಮಾತ್ರ. ಮೊದಲ ಹೊಲಕ್ಕೆ 100 ಕಿಲೋಓಮ್ ಹಾಕಿದರೆ ಕರೆಂಟು ಬಂದ 11 ಸೆಕೆಂಡಿಗೆ ಮೋಟರು ಏಳುತ್ತದೆ. ಎರಡನೆಯದಕ್ಕೆ 220 ಕಿಲೋಓಮ್, 24 ಸೆಕೆಂಡು. 330 ಹಾಕಿದರೆ 36, 470 ಹಾಕಿದರೆ 52, 680 ಹಾಕಿದರೆ 75. ಇವೆಲ್ಲ ಅಂಗಡಿಯಲ್ಲಿ ಸಹಜವಾಗಿ ಸಿಗುವ ಬೆಲೆಗಳೇ. ರಿಲೇಯನ್ನು 3ನೇ ಕಾಲಿಗೂ ಪ್ಲಸ್ಸಿಗೂ ನಡುವೆ ಹಚ್ಚಿದರೆ ಕಾಯುವ ಹೊತ್ತು ಮುಗಿದ ಮೇಲೆ ಅದು ಎಳೆದುಕೊಳ್ಳುತ್ತದೆ. ರಿಲೇಯ ಸುರುಳಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡು ತಪ್ಪದೇ ಇರಲಿ. ಅದಿಲ್ಲದಿದ್ದರೆ ರಿಲೇ ಬಿಡುವಾಗ ಹುಟ್ಟುವ ಹಿನ್ನೊದೆತಕ್ಕೆ ಐಸಿ ಸಾಯುತ್ತದೆ.

ಇದೇ ಸರಣಿಯನ್ನು ಮುಂದುವರಿಸಿ ಮೆಗಾಓಮ್ ದಾಟಿ ಹೋದರೇನು ಎಂದು ಕೇಳಬಹುದು. ಅಲ್ಲಿ ತೊಡಕಿದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಸೋರುತ್ತದೆ, ಬಿಸಿಯಾದಷ್ಟೂ ಹೆಚ್ಚು ಸೋರುತ್ತದೆ. ಮೇ ತಿಂಗಳ ಮಧ್ಯಾಹ್ನ ಹೊಲದ ತಗಡಿನ ಡಬ್ಬಿಯ ಒಳಗಿನ ಕಾವು ನಿಮಗೆ ಗೊತ್ತೇ ಇದೆ. ರೆಸಿಸ್ಟರಿನ ಮೂಲಕ ಬರುವುದೇ ಅಲ್ಪ, ಸೋರುವುದೂ ಅಷ್ಟೇ ಆದರೆ ಮೇಲಿನ ಗೆರೆ ಮುಟ್ಟುವುದೇ ಇಲ್ಲ, ಮೋಟರು ಏಳುವುದೂ ಇಲ್ಲ. ಇದಕ್ಕಿಂತ ಹೆಚ್ಚಿನ ತಡಕ್ಕೆ 555 ಬಿಟ್ಟು ಸಿಡಿ4060 ಹಿಡಿಯಿರಿ. ಅದು ಸಣ್ಣ, ಸೋರದ ಕೆಪಾಸಿಟರಿನಿಂದ ಬೇಗ ಬೇಗ ಮಿಡಿದು, ಆ ಮಿಡಿತಗಳನ್ನು ಎಣಿಸುತ್ತದೆ. 100 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಹಾಕಿದರೆ ಸೆಕೆಂಡಿಗೆ 43 ಮಿಡಿತ. 8192 ಮಿಡಿತ ಎಣಿಸಿದಾಗ ಕೊನೆಯ ಕಾಲು ಏಳುತ್ತದೆ. ಅಲ್ಲಿಗೆ ಮೂರು ನಿಮಿಷ ಕಳೆದಿರುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಿಮ್ಮ ಕೆಲಸ ರಿಲೇಯ ಸುರುಳಿಯ ತನಕ, 12 ವೋಲ್ಟಿನ ತನಕ. ಆಚೆಗಿರುವುದು 415 ವೋಲ್ಟು. ಸ್ಟಾರ್ಟರಿನ ಡಬ್ಬಿ ತೆರೆದು ತಂತಿ ಕೂಡಿಸುವವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಆಗಿರಬೇಕು. ಒಂದು ಫೇಸು ಹೋದಾಗ ಮೋಟರನ್ನು ಉಳಿಸುವ ಸಿಂಗಲ್ ಫೇಸ್ ಪ್ರಿವೆಂಟರನ್ನು ಅಂಗಡಿಯಿಂದಲೇ ತರಿಸಿ. ಅದನ್ನು ಮನೆಯಲ್ಲಿ ಮಾಡಿ ಉಳಿಸುವ ಹಣಕ್ಕಿಂತ ಮೋಟರಿನ ವೈಂಡಿಂಗ್ ಖರ್ಚು ದೊಡ್ಡದು. ಹಾಗೆಯೇ, ಗೋವಿನಜೋಳಕ್ಕೆ ಬರುವ ಕಾಡುಹಂದಿಗೆಂದು ತಂತಿಗೆ ಮನೆ ಕರೆಂಟು ಕೊಡುವ ಉಪಾಯ ಕೇಳುವವರು ಕಲಘಟಗಿಯ ಕಡೆ ಇದ್ದಾರೆ. ಅದಕ್ಕೆ ನಾನು ನಕ್ಷೆ ಕೊಡುವುದಿಲ್ಲ. ಅದು ಅಪರಾಧ, ಹಂದಿಗಿಂತ ಮೊದಲು ನೀರು ಹಾಯಿಸಲು ಹೋದ ಮನುಷ್ಯ ಸಾಯುತ್ತಾನೆ. ಮಿನುಗುವ ದೀಪ, ಬಿಟ್ಟು ಬಿಟ್ಟು ಕೂಗುವ ಬಜರು ಬೇಕಾದರೆ 555ರಲ್ಲಿ ಧಾರಾಳ ಮಾಡಬಹುದು. ಆದರೆ ಹಂದಿ ದಡ್ಡ ಪ್ರಾಣಿಯಲ್ಲ, ಕೆಲ ದಿನಕ್ಕೆ ಅದಕ್ಕೆ ರೂಢಿಯಾಗುತ್ತದೆ. ಜಾಗ ಬದಲಿಸುತ್ತಿರಬೇಕು.

ನವಲಗುಂದ, ಅಣ್ಣಿಗೇರಿಯ ಯರಿ ಭೂಮಿಯಲ್ಲಿ ಸಮಸ್ಯೆಯೇ ಬೇರೆ. ಅಲ್ಲಿ ನೆಲದಡಿಯ ನೀರು ಬಹಳ ಕಡೆ ಸವಳು. ಕುಡಿಯಲು ಕೆರೆಯ ನೀರು, ಕೆರೆಗೆ ಮಲಪ್ರಭೆಯ ಕಾಲುವೆ ನೀರು. ನೀರು ಬಿಟ್ಟ ದಿನ ಟಾಕಿ ತುಂಬಿ ಚೆಲ್ಲಿದರೆ ಮನೆಯವರ ಹೊಟ್ಟೆ ಉರಿಯದೇ ಇರುತ್ತದೆಯೇ? ಟಾಕಿಯ ಮಟ್ಟ ತೋರಿಸುವ ಸರ್ಕಿಟ್ಟನ್ನು ಹವ್ಯಾಸಿಗಳು ಯುಎಲ್ಎನ್2003 ಎಂಬ ಐಸಿಯಲ್ಲಿ ಮಾಡುತ್ತಾರೆ. ಒಳಗೆ ಏಳು ಜೋಡಿ ಟ್ರಾನ್ಸಿಸ್ಟರು, ಏಳು ಮಟ್ಟಕ್ಕೆ ಏಳು ಎಲ್ಇಡಿ. ಟಾಕಿಯ ತಳದಲ್ಲಿ ಪ್ಲಸ್ ತಂತಿ, ಒಂದೊಂದು ಎತ್ತರಕ್ಕೆ ಒಂದೊಂದು ತಂತಿ. ನೀರು ತಾಗಿದಲ್ಲಿ ನೀರಿನ ಮೂಲಕವೇ ಅಲ್ಪ ಕರೆಂಟು ಹರಿದು ದೀಪ ಹತ್ತುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಇದನ್ನು ನೋಡದವರು ಕಡಿಮೆ.

ಪ್ರದರ್ಶನದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚೆನ್ನಾಗಿ ನಡೆಯುವ ಈ ಸರ್ಕಿಟ್ಟು ಮಾಳಿಗೆಯ ಮೇಲೆ ಏರಿದ ಮೇಲೆ ಕೆಡುತ್ತದೆ. ನೀರಿನಲ್ಲಿ ಒಂದೇ ದಿಕ್ಕಿಗೆ ಕರೆಂಟು ಹರಿಯುತ್ತಿದ್ದರೆ ಪ್ಲಸ್ ಕಡೆಯ ತಾಮ್ರ ಕರಗುತ್ತದೆ, ತಂತಿಯ ಮೇಲೆ ಹಸಿರು ಕಟ್ಟುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ತಂತಿ ಅಷ್ಟೇ ಬೇಗ ಸವೆಯುತ್ತದೆ. ಸವಳು ನೀರಿನ ಟಾಕಿಯಲ್ಲಿ ತಾಮ್ರ ಹೆಚ್ಚು ಕಾಲ ಬಾಳುವುದಿಲ್ಲ. ಕಲಘಟಗಿಯಲ್ಲಿ ಮಾಳಿಗೆಯ ಮಳೆನೀರು ಹಿಡಿದಿಟ್ಟ ತೊಟ್ಟಿಗೆ ಇದೇ ಸರ್ಕಿಟ್ಟು ಹಾಕಿದರೆ ತಿರುಗಾ ಮುರುಗಾ: ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಕರೆಂಟು ಹರಿಯಲು ಒಲ್ಲದು, ದೀಪ ಮಂಕು. ನಕ್ಷೆಯಲ್ಲಿ ತಪ್ಪಿಲ್ಲ. ನಕ್ಷೆ ಬರೆದವನು ನಮ್ಮೂರಿನ ನೀರು ಕುಡಿದವನಲ್ಲ, ಅಷ್ಟೇ.

ನನ್ನ ಮಾತಿನ ತಿರುಳು ಇಲ್ಲಿದೆ. ನಕ್ಷೆ ಪುಸ್ತಕದಿಂದ ಬರುತ್ತದೆ, ಬಿಡಿಭಾಗಗಳ ಬೆಲೆಯನ್ನು ಊರು ಹೇಳಬೇಕು. ಸವಳು ನೀರಿಗೆ ತಂತಿಯ ಬದಲು ಸ್ಟೇನ್‌ಲೆಸ್ ಸ್ಟೀಲಿನ ಸರಳು ಹಾಕಿ, ಗುಂಡಿ ಒತ್ತಿದಾಗ ಮಾತ್ರ ಮಟ್ಟ ತೋರುವಂತೆ ಮಾಡಿ. ದಿನಕ್ಕೆ ನಾಲ್ಕು ಸಲ ಐದೈದು ಸೆಕೆಂಡು ಹರಿದ ಕರೆಂಟು ಸರಳನ್ನು ತಿನ್ನಲಾರದು. ಇನ್ನೂ ಚಲೋ ಬೇಕೆಂದರೆ 555ರಿಂದ ಅತ್ತಿತ್ತ ತೂಗುವ ಕರೆಂಟು ಹುಟ್ಟಿಸಿ, ಕೆಪಾಸಿಟರಿನ ಮೂಲಕ ನೀರಿಗೆ ಕೊಡಿ. ಒಂದು ಕ್ಷಣ ಕರಗಿದ್ದು ಮರುಕ್ಷಣ ಬಹುಪಾಲು ಮರಳುತ್ತದೆ. ಮಳೆನೀರಿಗಾದರೆ ಕರೆಂಟೇ ಬೇಡವೆನ್ನುವ ಸಿಡಿ4011 ಬಳಸಿ, ಮೆಗಾಓಮ್ ರೆಸಿಸ್ಟರು ಹಾಕಿ. ಕಾರ್ಖಾನೆಯಲ್ಲಿ ಅಂಟು ಹಾಕಿ ಮುಚ್ಚಿದ ಡಬ್ಬಿಯಲ್ಲಿ ಇಂಥ ತಿದ್ದುಪಡಿ ಆಗದು.

ಇದೇ ಲೆಕ್ಕ ಪವರ್ ಸಪ್ಲೈಗೂ ಇದೆ. 7805 ಎಂಬ ಮೂರು ಕಾಲಿನ ಐಸಿ 5 ವೋಲ್ಟು ನಿಖರವಾಗಿ ಕೊಡುತ್ತದೆ, ಆದರೆ ಅದಕ್ಕೆ ಒಳಗೆ ಕನಿಷ್ಠ 7 ವೋಲ್ಟು ಬರಬೇಕು. ಪುಸ್ತಕದವರು 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕು ಅನ್ನುತ್ತಾರೆ. 230 ಇದ್ದಾಗ ಸರಿ. ಲೈನಿನ ಕೊನೆಯ ಮನೆಯಲ್ಲಿ 150ಕ್ಕೆ ಇಳಿದರೆ ಡಯೋಡು ದಾಟಿ ಉಳಿಯುವುದು ಹೆಚ್ಚೆಂದರೆ 7, ಅದೂ ಅಲುಗಾಡುತ್ತಾ. ಹಾಗೆಂದು 12 ವೋಲ್ಟಿನದು ಹಾಕಿದರೆ, ಬೆಳಗಿನ ಹೊತ್ತು ಪೂರ್ತಿ ವೋಲ್ಟೇಜು ಬಂದಾಗ 15 ದಾಟಿದ್ದು ಒಳಬರುತ್ತದೆ. ಮಿಕ್ಕ 10 ವೋಲ್ಟೂ ಬಿಸಿಯಾಗಿ ಹೋಗಬೇಕು. ಅಲ್ಯೂಮಿನಿಯಮ್ಮಿನ ಹೀಟ್ ಸಿಂಕ್ ಇಲ್ಲದಿದ್ದರೆ 7805 ಕಾದು ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ತಣ್ಣಗಾದ ಮೇಲೆ ತೆರೆಯುತ್ತದೆ. ಸರ್ಕಿಟ್ಟು ಬಿಟ್ಟು ಬಿಟ್ಟು ನಡೆಯುತ್ತಿದ್ದರೆ ಮೊದಲು ಅದರ ಬೆನ್ನು ಮುಟ್ಟಿ ನೋಡಿ. ನಾನಂತೂ 12 ವೋಲ್ಟಿನದನ್ನೇ ಆರಿಸುತ್ತೇನೆ, ಸೆಖೆ ತಡೆಯಬಹುದು, ಡಿಮ್ ಕರೆಂಟು ತಡೆಯಲಾಗದು.

ಬಿಡಿಭಾಗ ಎಲ್ಲಿ ಸಿಗುತ್ತವೆ? ಹುಬ್ಬಳ್ಳಿಯಲ್ಲಿ ಸಿಗುತ್ತವೆ; ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಕೇಳಿದ್ದೆಲ್ಲ ಸಿಗುತ್ತದೆ. ಆದರೆ ಹೊಸಬರಿಗೆ ನನ್ನ ಸಲಹೆ ಗುಜರಿ ಅಂಗಡಿ. ಕೆಟ್ಟ ಸ್ಟೆಬಿಲೈಜರಿನಲ್ಲಿ ಸಾಮಾನ್ಯವಾಗಿ ಒಂದು ಎಲ್ಎಂ324, ಎರಡು ಮೂರು ರಿಲೇ, ಒಂದು ಚಲೋ ಟ್ರಾನ್ಸ್‌ಫಾರ್ಮರ್ ಸಿಗುತ್ತವೆ. ಹಳೆಯ ಸರ್ಕಿಟ್ಟು ಬಿಚ್ಚುವಾಗಲೇ ಅದನ್ನು ಓದಲು ಕಲಿಯುತ್ತೀರಿ. ಐಸಿಯನ್ನು ನೇರ ಸಾಲ್ಡರ್ ಮಾಡಬೇಡಿ, ಐಸಿ ಬೇಸ್ ಹಾಕಿ ಅದರಲ್ಲಿ ಕೂರಿಸಿ.

ಈಗ ಎಷ್ಟೋ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬಿನ ಮೂಲಕ ಆರ್ಡುಯಿನೊ ಬಂದಿದೆ. ಒಳ್ಳೆಯದೇ. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದರೆ ನಾನು ಇಷ್ಟು ಹೊತ್ತು ಹೇಳಿದ ತಡವೆಲ್ಲ ಅದರಲ್ಲಿ ಆಗುತ್ತದೆ. ಆದರೂ ಮಕ್ಕಳ ಕೈಗೆ ಮೊದಲು 555 ಕೊಡಿ ಅನ್ನುವವನು ನಾನು. ಆರ್ಡುಯಿನೊದಲ್ಲಿ ಹುಡುಗಿ ‘ಹತ್ತು ಸೆಕೆಂಡು ಕಾಯಿ’ ಎಂದು ಬರೆಯುತ್ತಾಳೆ, ಅದು ಕಾಯುತ್ತದೆ. ಯಾಕೆ ಕಾಯಿತು ಎಂಬುದು ತಿಳಿಯುವುದಿಲ್ಲ. 555ರಲ್ಲಿ ಅವಳು ಮಲ್ಟಿಮೀಟರ್ ಹಿಡಿದು ಕೆಪಾಸಿಟರಿನ ವೋಲ್ಟೇಜು ಏರುವುದನ್ನು, 9 ವೋಲ್ಟಿನ ಬ್ಯಾಟರಿಯಾದರೆ 6ಕ್ಕೆ ಬಂದೊಡನೆ ಕುಸಿಯುವುದನ್ನು ಕಣ್ಣಾರೆ ನೋಡುತ್ತಾಳೆ. ಆಮೇಲೆ ಬೇಕಾದರೆ ಆರ್ಡುಯಿನೊಗೆ ಹೋಗಲಿ.

ಕೊನೆಗೆ ಒಂದು ಆಸೆಯ ಸರ್ಕಿಟ್ಟು, ಯಾವ ಉಪಯೋಗವೂ ಇಲ್ಲದಿದ್ದರೂ ಮಾಡಬೇಕೆನ್ನುವಂಥದು. 1972ರಲ್ಲಿ ಇಂಗ್ಲೆಂಡಿನ ಫೆರಾಂಟಿ ಕಂಪನಿ ಝಡ್ಎನ್414 ಎಂಬ ಐಸಿ ಹೊರತಂದಿತು. ಟ್ರಾನ್ಸಿಸ್ಟರಿನಂತೆ ಮೂರೇ ಕಾಲು, ಒಳಗೆ ಇಡೀ ಎಎಂ ರೇಡಿಯೊ. ಅದರ ಬಳಗದ ಟಿಎ7642 ಈಗಲೂ ಸಿಗುತ್ತದೆ. ಒಂದೂವರೆ ವೋಲ್ಟಿನ ಒಂದೇ ಶೆಲ್ಲು ಸಾಕು. ಅಟ್ಟದ ಮೇಲೆ ಬಿದ್ದಿರುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೊದಿಂದ ಫೆರೈಟ್ ಕಡ್ಡಿ, ಗ್ಯಾಂಗು ಕೆಪಾಸಿಟರು, ಸ್ಪೀಕರು ತೆಗೆದುಕೊಳ್ಳಿ. ಕಡ್ಡಿಯ ಮೇಲೆ 70 ಸುತ್ತಿನ ಆಸುಪಾಸು ಸಣ್ಣ ತಂತಿ ಸುತ್ತಿ. ಧಾರವಾಡ ರೇಡಿಯೊ ಕೇಂದ್ರ 1950ರ ಜನವರಿಯಲ್ಲಿ ಶುರುವಾದದ್ದು, ಅದರ ಮಧ್ಯಮ ತರಂಗ 765 ಕಿಲೊಹರ್ಟ್ಸ್. ನಿಮ್ಮ ಸುರುಳಿ 300 ಮೈಕ್ರೊಹೆನ್ರಿ ಆಗಿದ್ದರೆ ಗ್ಯಾಂಗು 144 ಪಿಕೊಫ್ಯಾರಡಿಗೆ ಬಂದಾಗ ಈ ಕೇಂದ್ರ ಸಿಗುತ್ತದೆ. ಲೆಕ್ಕ ತಪ್ಪಿದರೂ ಚಿಂತೆಯಿಲ್ಲ, ಸುರುಳಿಯನ್ನು ಕಡ್ಡಿಯ ಮೇಲೆ ಹಿಂದೆ ಮುಂದೆ ಸರಿಸಿದರೆ ಕೂಡಿ ಬರುತ್ತದೆ. ದನಿ ಸ್ಪೀಕರಿನಲ್ಲಿ ಕೇಳಬೇಕೆಂದರೆ ಎಲ್ಎಂ386 ಐಸಿ ಹಾಕಿ. ಅದಕ್ಕೆ ಬೇರೆ 9 ವೋಲ್ಟಿನ ಬ್ಯಾಟರಿ ಬೇಕು. ಅದರ 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೂಡಿಸಿದರೆ ಸಣ್ಣ ಸ್ಪೀಕರಿಗೆ ಸಾಕಾಗುವಷ್ಟು ದನಿ ಬರುತ್ತದೆ.

ಕಡ್ಡಿಯ ತುದಿ ಧಾರವಾಡದತ್ತ ನೇರವಾಗಿದ್ದರೆ ದನಿ ಅಡಗುತ್ತದೆ, ಅಡ್ಡಲಾಗಿದ್ದರೆ ಚೆನ್ನಾಗಿ ಕೇಳುತ್ತದೆ. ಆದ್ದರಿಂದ ನವಲಗುಂದ, ಅಣ್ಣಿಗೇರಿಯವರು ಕಡ್ಡಿಯನ್ನು ತೆಂಕು ಬಡಗಾಗಿ ಇಡಿ. ಕಲಘಟಗಿಯವರಿಗೆ ಧಾರವಾಡ ಬಡಗಿಗಿದೆ, ಅವರು ಮೂಡು ಪಡುವಣವಾಗಿ ಇಡಲಿ. ಕುಂದಗೋಳದವರಿಗೆ ಅದು ವಾಯವ್ಯ. ಅವರು ಓರೆಯಾಗಿ ತಿರುಗಿಸಿ ನೋಡಬೇಕು. ಗರ್ರ್ ಎನ್ನುವ ಸದ್ದೇ ಹೆಚ್ಚಾದರೆ ಐಸಿಯನ್ನು ಬೈಯಬೇಡಿ. ಮನೆಯ ಅಗ್ಗದ ಎಲ್ಇಡಿ ಬಲ್ಬುಗಳನ್ನೂ ಮೊಬೈಲ್ ಚಾರ್ಜರುಗಳನ್ನೂ ಒಂದೊಂದಾಗಿ ಆರಿಸುತ್ತಾ ಬನ್ನಿ, ತಪ್ಪಿತಸ್ಥ ಯಾವುದೆಂದು ಗೊತ್ತಾಗುತ್ತದೆ.